ಐವತ್ತೆರಡಕ್ಕೆ ಕಲಿತ ಸ್ಪ್ಯಾನಿಷ್

ಹೊಸೂರಿನ ಅವಲಪಲ್ಲಿಯಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಸಿಮೆಂಟು ಬೆಂಚಿದೆ. ಬೆಳಗಿನ ನಡಿಗೆ ಮುಗಿಸಿ ನಾವು ನಾಲ್ಕೈದು ಜನ ನಿವೃತ್ತರು ಅಲ್ಲಿ ಕೂರುತ್ತೇವೆ. ಮೊನ್ನೆ ಅವರಲ್ಲೊಬ್ಬರು, ಬ್ಯಾಂಕಿನಲ್ಲಿದ್ದವರು, ತಮಗೆ ಮರೆವು ಹೆಚ್ಚಾಗುತ್ತಿದೆ, ಹೊಸ ಭಾಷೆ ಯಾವುದಾದರೂ ಕಲಿಯಿರಿ ಅಂತ ಡಾಕ್ಟರು ಹೇಳಿದ್ದಾರೆ ಎಂದರು. ಇನ್ನೊಬ್ಬರು ನನ್ನ ಕಡೆ ಕೈ ತೋರಿಸಿ, ಇವರನ್ನು ಕೇಳಿ, ಐವತ್ತು ದಾಟಿದ ಮೇಲೆ ಸ್ಪ್ಯಾನಿಷ್ ಕಲಿತ ಮಹಾಶಯರು ಇವರು ಎಂದರು. ಏನು ಲಾಭವಾಯಿತು ಅಂತ ಬ್ಯಾಂಕಿನವರು ಕೇಳಿದರು. ಮರೆಯಬೇಕು ಅಂದುಕೊಂಡದ್ದೂ ಮರೆಯುವುದಿಲ್ಲ, ಅದೇ ಲಾಭ ಎಂದು ಹೇಳಿ ಎದ್ದು ಬಂದೆ. ನನ್ನ ಸಿಡುಕು ಅವರಿಗೆ ಹೊಸದಲ್ಲ, ಹಿಂದಿನಿಂದ ನಕ್ಕರು. ಮನೆಗೆ ಬಂದ ಮೇಲೆ, ಪಾಪ, ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು ಅನ್ನಿಸಿತು. ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬೇಕಾದರೆ ಬೆಂಚಿನ ಮೇಲೆ ಕೂತು ಹೇಳುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೋಲಾರದ ಕಡೆಯವನು. ಐಟಿಐ ಮುಗಿಸಿ ಹೊಸೂರಿಗೆ ಬಂದು ತಗಡು ಒತ್ತಿ ಲಾರಿಯ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸೇರಿದೆ. ಮನೆಯಲ್ಲಿ ಕನ್ನಡ, ಊರಿನಿಂದ ತಂದ ತೆಲುಗು, ಬಸ್ಸಿನ ಬೋರ್ಡು ಓದಲಿಕ್ಕೆ ಶುರುಮಾಡಿ ಕಚೇರಿಯ ಅರ್ಜಿ ಬರೆಯುವವರೆಗೆ ಮುಟ್ಟಿದ ತಮಿಳು. ಹೊಸೂರಿನಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ. ಇಲ್ಲಿ ತರಕಾರಿ ಮಾರುವ ಹೆಂಗಸೂ ಮೂರು ಭಾಷೆಯಲ್ಲಿ ಚೌಕಾಸಿ ಮಾಡುತ್ತಾಳೆ. ನನ್ನನ್ನು ಸೋಲಿಸಿದ್ದು ಇಂಗ್ಲಿಷು. ಮೀಟಿಂಗ್ ಎಲ್ಲ ಅದರಲ್ಲೇ ನಡೆಯುತ್ತಿತ್ತು. ನಾನು ಬಿಚ್ಚಿ ಜೋಡಿಸಿದ ಮಷೀನಿನ ಬಗ್ಗೆ ನಿನ್ನೆ ಮೊನ್ನೆ ಸೇರಿದ ಇಂಜಿನಿಯರುಗಳು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು, ನಾನು ಬಾಗಿಲ ಹತ್ತಿರ ಕೈಕಟ್ಟಿ ನಿಂತು ತಲೆಯಾಡಿಸುತ್ತಿದ್ದೆ. ಇಪ್ಪತ್ತು ವರ್ಷ ಹಾಗೆ ತಲೆಯಾಡಿಸಿದವನ ಹೊಟ್ಟೆಯೊಳಗೆ ಎಷ್ಟು ಉರಿ ಇರುತ್ತದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಧರ್ಮಪುರಿಯಿಂದ ಒಡೆದು ಕೃಷ್ಣಗಿರಿ ಬೇರೆ ಜಿಲ್ಲೆಯಾದ ಮರುವರ್ಷ ನಮ್ಮ ಕಾರ್ಖಾನೆಗೆ ತಗಡು ಒತ್ತುವ ಒಂದು ದೊಡ್ಡ ಪ್ರೆಸ್ ಬಂತು. ಹೊಸದಲ್ಲ, ಸ್ಪೇನಿನಲ್ಲಿ ಮುಚ್ಚಿಹೋದ ಯಾವುದೋ ಕಾರ್ಖಾನೆಯಿಂದ ಕೊಂಡದ್ದು. ಅದರ ಕಂಪ್ಯೂಟರ್ ಪರದೆ ತೋರಿಸುವುದೆಲ್ಲ ಸ್ಪ್ಯಾನಿಷ್, ಜೊತೆಗೆ ಬಂದ ಐದು ದಪ್ಪ ಫೈಲುಗಳೂ ಸ್ಪ್ಯಾನಿಷ್. ಅದನ್ನು ಜೋಡಿಸಿ ಕೊಡಲು ಅಲ್ಲಿಂದ ಒಬ್ಬ ಫಿಟ್ಟರ್ ಬಂದ. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ, ಅವನಿಗೂ ಇಂಗ್ಲಿಷ್ ಬಾರದು. ನಮ್ಮ ಇಂಜಿನಿಯರುಗಳು ಅವನ ಮುಂದೆ ನಿಂತು ಜೋರಾಗಿ ಇಂಗ್ಲಿಷ್ ಮಾತಾಡಿದರು, ಜೋರಾಗಿ ಹೇಳಿದರೆ ಅರ್ಥವಾಗುತ್ತದೆ ಅನ್ನುವಂತೆ. ಅವನು ಸುಮ್ಮನೆ ಕಣ್ಣು ಬಿಟ್ಟ. ಆವತ್ತು ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ.

ಎರಡು ತಿಂಗಳು ಅವನ ಕೈಕೆಳಗೆ ನನ್ನನ್ನು ಹಾಕಿದರು. ಅವನು ಸ್ಪ್ಯಾನರ್ ತೋರಿಸಿ ಒಂದು ಮಾತು ಹೇಳುತ್ತಿದ್ದ, ನಾನು ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದೆ. ಆ ಭಾಷೆ ನಮ್ಮ ಅಕ್ಷರಕ್ಕೆ ಸಲೀಸಾಗಿ ಕೂರುತ್ತದೆ. ಬರೆದಂತೆ ಓದಿದರಾಯಿತು, ಇಂಗ್ಲಿಷಿನ ಹಾಗೆ ಬರೆಯುವುದೊಂದು ಓದುವುದೊಂದು ಅನ್ನುವ ಕಾಟವಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಹಳೆ ಪುಸ್ತಕದಂಗಡಿಯಲ್ಲಿ ಒಂದು ಕಲಿಕೆಯ ಪುಸ್ತಕ, ಅದರ ಜೊತೆಗಿದ್ದ ಕ್ಯಾಸೆಟ್ ತಂದೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತು ಕ್ಯಾಸೆಟ್ ಹೇಳಿದ್ದನ್ನು ತಿರುಗಿ ಹೇಳುತ್ತಿದ್ದರೆ ಹೆಂಡತಿಗೆ ನಗು ತಡೆಯಲಾಗುತ್ತಿರಲಿಲ್ಲ.

“ಮಗಳು ಬಾಣಂತನಕ್ಕೆ ಬತ್ತಾವ್ಳೆ, ನೀವು ನೋಡುದ್ರೆ ಒಂದನೇ ಕ್ಲಾಸು ಓದ್ತಾ ಇದೀರ” ಎಂದು ಅಕ್ಕಪಕ್ಕದವರ ಎದುರೇ ಆಡಿಕೊಳ್ಳುತ್ತಿದ್ದಳು.

ಆಡಿಕೊಳ್ಳಲಿ ಬಿಡಿ. ನನಗೆ ಆಗ ಐವತ್ತೆರಡು. ಕೀಲು ನೋವು, ಸಕ್ಕರೆ ಕಾಯಿಲೆಯ ಮೊದಲ ಸೂಚನೆ, ಇನ್ನು ಆರು ವರ್ಷಕ್ಕೆ ನಿವೃತ್ತಿ. ಅಂಥ ಹೊತ್ತಿನಲ್ಲಿ ಹೊಸದೊಂದು ಮಾತು ಬಾಯಿಗೆ ಹತ್ತಿದ ದಿನ ಮೈ ಹಗುರವಾಗುತ್ತಿತ್ತು. ನಿದ್ದೆ ಚೆನ್ನಾಗಿ ಬರುತ್ತಿತ್ತು. ಊಟ ಮಾಡುತ್ತ, ಬಸ್ಸಿನಲ್ಲಿ ಕೂತು, ಕಿಟಕಿ, ಅನ್ನ, ನೀರು ಎಲ್ಲಕ್ಕೂ ಇನ್ನೊಂದು ಹೆಸರು ಹುಡುಕುವುದೇ ಒಂದು ಆಟ. ಸ್ಪೇನಿನವನು ಹೊರಡುವ ಹೊತ್ತಿಗೆ ನಾನು ಅವನ ಹೆಂಡತಿಯ ಆರೋಗ್ಯ ವಿಚಾರಿಸುವ ಮಟ್ಟಕ್ಕೆ ಬಂದಿದ್ದೆ. ಅವನು ಹೋದ ಮೇಲೂ ಫೈಲುಗಳನ್ನು ಮುಂದಿಟ್ಟುಕೊಂಡು ನಿಘಂಟು ತಿರುವುತ್ತ ಒಂದೊಂದೇ ಪುಟ ಓದಿದೆ. ವರ್ಷ ತುಂಬುವುದರೊಳಗೆ ಆ ಪ್ರೆಸ್ಸಿನ ಪರದೆಯ ಮೇಲೆ ಏನು ಬಂದರೂ ಓದಬಲ್ಲವನು ಇಡೀ ಕಾರ್ಖಾನೆಯಲ್ಲಿ ನಾನೊಬ್ಬನೇ. ಇಂಜಿನಿಯರುಗಳು ನನ್ನ ಹತ್ತಿರ ಬಂದು ನಿಲ್ಲುತ್ತಿದ್ದರು. ಈಗ ತಲೆಯಾಡಿಸುವ ಸರದಿ ಅವರದು. ಮೀಟಿಂಗಿನಲ್ಲಿ ಮ್ಯಾನೇಜರ್ ನನಗೆ ಕುರ್ಚಿ ಹಾಕಿಸಿದರು. ವಯಸ್ಸಾದ ಮೇಲೆ ಭಾಷೆ ಕಲಿತದ್ದರ ಲಾಭ ಕೇಳಿದರಲ್ಲ, ಇದು ಒಂದು. ಆ ಕುರ್ಚಿ ನನ್ನ ತಲೆಗೇರಿತು ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಆ ಪ್ರೆಸ್ ನಡೆಸುತ್ತಿದ್ದವನು ಕಾಡಂಚಿನ ಜವಳಗಿರಿ ಕಡೆಯವನು. ತಲೆಮಾರುಗಳಿಂದ ಅಲ್ಲೇ ಇರುವ ಒಕ್ಕಲು ಮನೆತನ, ಮನೆಮಾತು ಕನ್ನಡ. ನನಗಿಂತ ಹತ್ತು ವರ್ಷ ಚಿಕ್ಕವನು. ರಾಗಿ ಹೊಲಕ್ಕೆ ಆನೆ ನುಗ್ಗಿದ ಮಾರನೆಯ ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದ, ಆದರೆ ಮೊದಲ ಬಸ್ಸು ತಪ್ಪಿಸಿದವನಲ್ಲ. ಹದಿನೈದು ವರ್ಷ ನಾವಿಬ್ಬರೂ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡಿದ್ದೆವು, ಒಂದೇ ಡಬ್ಬಿಯಲ್ಲಿ ಉಂಡಿದ್ದೆವು. ಪ್ರೆಸ್ಸಿಗೆ ಅವನು ಸ್ಪೇನಮ್ಮ ಎಂದು ಹೆಸರಿಟ್ಟಿದ್ದ, ಊರಿನ ಮಾರಮ್ಮನಿಗೆ ಇಟ್ಟಂತೆ. ಬೆಳಿಗ್ಗೆ ಬಂದವನೇ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನಾನು ಹೇಳಿಕೊಟ್ಟ ಸ್ಪ್ಯಾನಿಷ್ ನಮಸ್ಕಾರ ಹೇಳಿ ಸ್ವಿಚ್ಚು ಹಾಕುತ್ತಿದ್ದ. ಪರದೆಯ ಮೇಲೆ ಏನಾದರೂ ಮೂಡಿದರೆ ಶೆಡ್ಡಿನ ಆ ತುದಿಯಿಂದಲೇ ನನ್ನನ್ನು ಕೂಗಿ, ಸ್ಪೇನಮ್ಮ ಏನೋ ಹೇಳ್ತಾವ್ಳೆ ಅನ್ನುತ್ತಿದ್ದ. ನಾನು ಹೋಗಿ ಓದಿ ಎಣ್ಣೆ ಕಡಿಮೆಯಾಗಿದೆ, ಗಾಳಿ ಸಾಲದು, ಹೀಗೆ ಹೇಳುತ್ತಿದ್ದೆ.

ಪ್ರೆಸ್ಸಿನ ಬಾಯಿಯ ಎರಡು ಪಕ್ಕದಲ್ಲಿ ಎದೆಮಟ್ಟದ ಎರಡು ಕಪ್ಪು ಕಂಬಗಳಿದ್ದವು. ಒಂದೊಂದರಲ್ಲೂ ಉದ್ದಕ್ಕೆ ಒಂದು ಕೆಂಪು ಗಾಜಿನ ಪಟ್ಟಿ. ಒಂದರಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಬೆಳಕು ಹಾಯುತ್ತಿರುತ್ತದೆ. ನಡುವೆ ಕೈ ಹೋದರೆ ಪ್ರೆಸ್ ಅಲ್ಲೇ ನಿಲ್ಲಬೇಕು. ಒಳಗಿನ ಡೈ, ಅಂದರೆ ತಗಡು ಒತ್ತುವ ಅಚ್ಚು, ಬದಲಾಯಿಸುವಾಗ ಮಾತ್ರ ಈ ತಡೆಯನ್ನು ಆರಿಸಲಿಕ್ಕೆ ಒಂದು ಕೀ ಇತ್ತು. ಅದು ಇರುತ್ತಿದ್ದುದು ನನ್ನ ಜೇಬಿನ ಗೊಂಚಲಿನಲ್ಲಿ. ಸ್ಪೇನಿನವನು ಪ್ರತಿ ಸಲವೂ ಕೆಲಸ ಮುಗಿದ ಕೂಡಲೇ ಕೀ ಹಿಂದಕ್ಕೆ ತಿರುಗಿಸಿ, ಅದನ್ನು ನನ್ನ ಅಂಗೈಯಲ್ಲಿಟ್ಟು, ಸಿಯೆಂಪ್ರೆ ಅನ್ನುತ್ತಿದ್ದ. ಯಾವಾಗಲೂ ಎಂದರ್ಥ. ನನಗೆ ಗೊತ್ತಿರಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳುವ ಹಾಗಿಲ್ಲ.

ಎರಡನೇ ವರ್ಷದ ಆಯುಧಪೂಜೆ. ಹೊಸೂರಿನ ಕಾರ್ಖಾನೆಗಳಲ್ಲಿ ಆ ದಿನದ ಗದ್ದಲ ನೋಡಿದವರಿಗೇ ಗೊತ್ತು. ಹಿಂದಿನ ದಿನವೇ ಎಲ್ಲ ಮಷೀನು ತೊಳೆದು, ಶೆಡ್ಡಿನ ಕಂಬಕ್ಕೆಲ್ಲ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿದ್ದೆವು. ಆಪರೇಟರು ಅವರವರ ಮಷೀನಿಗೆ ತಾವೇ ಗಂಧ, ಕುಂಕುಮ, ವಿಭೂತಿ ಹಚ್ಚಬೇಕು. ಕೊನೆಯಲ್ಲಿ ಮಾಲೀಕರು, ಮ್ಯಾನೇಜರ್ ಎಲ್ಲರೂ ಬಂದು ನಿಂತು, ಮಂಗಳಾರತಿಯಾಗಿ ಬೂದುಗುಂಬಳ ಒಡೆದ ಕೂಡಲೇ ಪ್ರತಿ ಮಷೀನೂ ಒಂದು ಸಲ ಓಡಿ ನಿಲ್ಲಬೇಕು. ಓಡದಿದ್ದರೆ ವರ್ಷವಿಡೀ ಕೇಡು ಅನ್ನುವ ಮಾತು.

ನಮ್ಮವನು ಸ್ಪೇನಮ್ಮನಿಗೆ ಮಾಡಿದ ಅಲಂಕಾರ ನೋಡುವ ಹಾಗಿತ್ತು. ಎಲ್ಲಕ್ಕಿಂತ ಹೆಚ್ಚು ಭಕ್ತಿ ಆ ಎರಡು ಕಂಬಗಳಿಗೆ. ಬಾಗಿಲು ಕಾಯುವವರು ಅವರೇ, ತನ್ನ ಕೈ ಉಳಿಸುತ್ತಿರುವವರೂ ಅವರೇ ಎಂದು ಅವನ ಲೆಕ್ಕ. ಕೆಂಪು ಗಾಜಿನ ಪಟ್ಟಿಯ ಉದ್ದಕ್ಕೂ ವಿಭೂತಿ ಬಳಿದು, ಗಂಧದ ಮೇಲೆ ದೊಡ್ಡ ದೊಡ್ಡ ಕುಂಕುಮದ ಬೊಟ್ಟು ಇಟ್ಟಿದ್ದ. ಗಾಜಿನ ಮೇಲೆ ಹಚ್ಚಬೇಡ ಎನ್ನಬೇಕಾಗಿದ್ದವನು ನಾನು. ನಾನು ಆ ಹೊತ್ತಿನಲ್ಲಿ ಮಾಲೀಕರ ಪಕ್ಕದಲ್ಲಿ ಹೊಸ ಅಂಗಿ ಹಾಕಿಕೊಂಡು ನಿಂತಿದ್ದೆ.

ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆಯಿತು, ಒಂದೊಂದೇ ಮಷೀನು ಓಡಿ ನಿಂತಿತು. ಸ್ಪೇನಮ್ಮ ಕದಲಲಿಲ್ಲ. ಅವನು ಗುಂಡಿ ಒತ್ತಿದ, ಮತ್ತೆ ಒತ್ತಿದ. ಮಾಲೀಕರ ತಾಯಿ ಕೂಡ ಬಂದಿದ್ದರು, ಅವರು ಕಣ್ಣು ಮುಚ್ಚಿ ಏನೋ ಗೊಣಗಲು ಶುರುಮಾಡಿದರು. ಮ್ಯಾನೇಜರ್ ನನ್ನ ಭುಜ ತಟ್ಟಿ, ಹೇಗಾದರೂ ಓಡಿಸಿ ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ನಾನು ಪರದೆ ಓದಿದೆ. ಗಾಜು ಮುಚ್ಚಿದೆ, ಬೆಳಕು ಹಾಯುತ್ತಿಲ್ಲ ಎಂದಿತ್ತು. ಒಂದು ಬಟ್ಟೆ ತೆಗೆದುಕೊಂಡು ಒರೆಸಿದ್ದರೆ ಮುಗಿಯುತ್ತಿತ್ತು. ಆದರೆ ಪೂಜೆಗೆ ಹಚ್ಚಿದ ಕುಂಕುಮವನ್ನು ಮಂಗಳಾರತಿಯ ಹೊತ್ತಿನಲ್ಲಿ, ಅಷ್ಟು ಜನರ ಎದುರು, ಆ ತಾಯಿಯ ಎದುರು, ಯಾವ ಕೈ ಒರೆಸೀತು? ಹಚ್ಚಿದ್ದು ತಾನಾಗಿ ಒಣಗಿ ಉದುರಬೇಕು, ಆ ದಿನ ಮುಟ್ಟುವ ಹಾಗಿಲ್ಲ. ನಾನು ಪ್ರೆಸ್ಸಿನ ಕರೆಂಟು ಪೆಟ್ಟಿಗೆಯ ಹಿಂದೆ ಹೋಗಿ ಜೇಬಿನ ಕೀ ಹಾಕಿ ತಿರುಗಿಸಿದೆ. ಪ್ರೆಸ್ ಓಡಿತು. ಎಲ್ಲರೂ ಚಪ್ಪಾಳೆ ಹೊಡೆದರು. ಸ್ಪ್ಯಾನಿಷ್ ಕಲಿತದ್ದು ಸಾರ್ಥಕವಾಯಿತು ಎಂದು ಮಾಲೀಕರೇ ಹೇಳಿ, ತಮ್ಮ ಕೈಯಿಂದ ಸಿಹಿಯ ಡಬ್ಬ ಕೊಟ್ಟರು. ಪರದೆಯ ತಳದಲ್ಲಿ ಹಳದಿ ಅಕ್ಷರದ ಒಂದು ಸಾಲು ಮೂಡಿ ನಿಂತಿತ್ತು. ತಡೆ ರದ್ದಾಗಿದೆ ಎಂದು ಅದರ ಅರ್ಥ. ರಜೆ ಮುಗಿದು ಬಂದ ಮೇಲೆ ಗಾಜು ಒರೆಸಿ ಕೀ ಹಿಂದಕ್ಕೆ ತಿರುಗಿಸಿದರಾಯಿತು ಅಂದುಕೊಂಡು ಕೀ ಜೇಬಿಗೆ ಹಾಕಿದೆ.

ರಜೆ ಮುಗಿದು ಕಾರ್ಖಾನೆ ತೆರೆದ ದಿನ ನಾನು ಕೃಷ್ಣಗಿರಿಯಲ್ಲಿದ್ದೆ. ಮನೆಯ ಪಟ್ಟಾ ಕಾಗದ ಧರ್ಮಪುರಿಯ ಕಡತದಿಂದ ಹೊಸ ಜಿಲ್ಲೆಯ ಕಚೇರಿಗೆ ಬಂದಿದೆ, ಬಂದು ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಂತೆ. ಒಂಬತ್ತೂವರೆಯ ಹೊತ್ತಿಗೆ ಚಿಲ್ಲರೆ ತೆಗೆಯಲು ಜೇಬಿಗೆ ಕೈ ಹಾಕಿದಾಗ ಕೀ ಗೊಂಚಲು ಸಿಕ್ಕಿತು, ಪ್ರೆಸ್ಸಿನ ತಡೆ ಇನ್ನೂ ಆರಿಯೇ ಇದೆ ಎಂದು ನೆನಪಾಯಿತು. ಎದುರಿನ ಟೀ ಅಂಗಡಿಯಲ್ಲಿ ಒಂದು ರೂಪಾಯಿ ಹಾಕಿ ಮಾತಾಡುವ ಫೋನು ನೇತಾಡುತ್ತಿತ್ತು. ಹತ್ತು ಹೆಜ್ಜೆ ದೂರ. ಪ್ರೆಸ್ ನಿಲ್ಲಿಸಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಯಾಕೆ ಎಂದು ಕೇಳುತ್ತಾರೆ. ಚಪ್ಪಾಳೆ ಗಿಟ್ಟಿಸಿದ ಕೆಲಸ ಬರೀ ಒಂದು ಕೀ ತಿರುಗಿಸಿದ್ದು, ಅದೂ ತಿರುಗಿಸಬಾರದ ಕೀ, ಎಂದು ಫೋನಿನಲ್ಲಿ ಇಂಜಿನಿಯರಿಗೆ ಹೇಳಬೇಕು. ಸಾಲು ಬಿಟ್ಟರೆ ಸರದಿಯೂ ಹೋಗುತ್ತದೆ. ಹದಿನೈದು ವರ್ಷ ಕೈ ಪಳಗಿದವನು, ಒಂದು ದಿನ ಏನಾದೀತು, ಮಧ್ಯಾಹ್ನಕ್ಕೆ ನೇರವಾಗಿ ಕಾರ್ಖಾನೆಗೇ ಹೋದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಮಧ್ಯಾಹ್ನ ನಾನು ಗೇಟಿಗೆ ಬಂದಾಗ ವಾಚ್‌ಮನ್ ಮುಖ ನೋಡಿಯೇ ತಿಳಿಯಿತು. ಹತ್ತೂವರೆಯ ಹೊತ್ತಿಗೆ ಓರೆಯಾಗಿ ಕೂತ ತಗಡೊಂದನ್ನು ಸರಿಮಾಡಲು ನಮ್ಮವನು ಪ್ರೆಸ್ಸಿನ ಬಾಯಿಗೆ ಕೈ ಹಾಕಿದ್ದಾನೆ. ಕಂಬಗಳು ಕಾಯುತ್ತವೆ ಎಂದು ನಂಬಿದ ಕೈ. ಬಲಗೈಯ ನಾಲ್ಕು ಬೆರಳು ಹೋದವು, ಹೆಬ್ಬೆರಳು ಮಾತ್ರ ಉಳಿಯಿತು. ಶೆಡ್ಡಿನೊಳಗೆ ಯಾರೂ ಇರಲಿಲ್ಲ. ನಾನು ಒಳಗೆ ಹೋಗಿ, ಮೊದಲು ಮಾಡಿದ ಕೆಲಸ ಏನೆಂದರೆ ಕೀ ಹಾಕಿ ಹಿಂದಕ್ಕೆ ತಿರುಗಿಸಿದ್ದು. ಹಳದಿ ಸಾಲು ಆರಿತು. ಆಮೇಲೆ ಅಲ್ಲೇ ಕೂತು ಅತ್ತೆ.

ಮರುದಿನದಿಂದಲೇ ಕಾರ್ಖಾನೆಯಲ್ಲಿ ಒಂದು ಮಾತು ಹುಟ್ಟಿಕೊಂಡಿತು. ಗಾಜಿಗೆ ಕುಂಕುಮ ಹಚ್ಚಿ ಕಂಬಗಳ ಕಣ್ಣು ಕೆಡಿಸಿಕೊಂಡವನು ಅವನೇ ಎಂದು. ಮ್ಯಾನೇಜರ್ ನನ್ನನ್ನು ಕರೆದು, ಹಾಗೇ ಅಲ್ಲವೇ ಆದದ್ದು ಎಂದು ಕೇಳಿದರು. ಕೇಳಿದ ರೀತಿಯಲ್ಲೇ ಉತ್ತರ ಇತ್ತು. ಪೂಜೆಯ ದಿನ ನಾನು ಪೆಟ್ಟಿಗೆಯ ಹಿಂದೆ ಏನು ಮಾಡಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವನು ಹೊಸೂರಿನ ಆಸ್ಪತ್ರೆಯಲ್ಲಿದ್ದ. ಶಿಫ್ಟು ಮುಗಿಸಿ ದಿನಾ ಹೋಗುತ್ತಿದ್ದೆ. ಊರಿನವರು, ನೆಂಟರು ಬಂದು ಏನೇನೋ ಹೇಳಿ ಅವನ ತಲೆ ಕೆಡಿಸಿದ್ದರು. ಮೈಲಿಗೆಯಲ್ಲಿ ಪೂಜೆ ಮಾಡಿರಬೇಕು, ಅದಕ್ಕೇ ಬೊಟ್ಟಿಟ್ಟ ಕೈಯನ್ನೇ ಅಮ್ಮ ತೆಗೆದುಕೊಂಡಳು ಅನ್ನುವವರೂ ಇದ್ದರು. ಅವನು ಅದನ್ನು ನಂಬಿದ್ದ. ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಪಾಪಿಷ್ಠ ಕೈಯಿ, ಇದಕ್ಕೆ ಹಿಂಗೇ ಆಗ್ಬೇಕು ಅಂತ ಅದರ ಜೊತೆಯೇ ಮಾತಾಡುತ್ತಿದ್ದ. ಅವನ ಹೆಂಡತಿ ತಡೆಯಲಾರದೆ ಹೊರಗೆ ಹೋಗಿ ನಿಲ್ಲುತ್ತಿದ್ದಳು. ಹಾಗೆಲ್ಲ ಅನ್ಕೋಬೇಡ ಕಣ್ಲಾ ಎಂದು ನಾನು ಹೇಳುತ್ತಿದ್ದೆ. ಅಷ್ಟೇ ಹೇಳುತ್ತಿದ್ದೆ. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. ಹೆಂಡತಿ ಮೊದಮೊದಲು ಗೆಳೆಯನ ಸಂಕಟ ಎಂದು ಸುಮ್ಮನಿದ್ದಳು, ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೂರತೊಡಗಿದಳು.

ಇಪ್ಪತ್ತು ದಿನದ ಮೇಲೆ ಸರ್ಕಾರದ ಕಡೆಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ತಮಿಳಿನವರು, ಸೌಮ್ಯ ಮನುಷ್ಯ. ಪ್ರೆಸ್ಸಿನ ಕಂಪ್ಯೂಟರ್ ಏನೇನಾಯಿತು ಎಂಬುದನ್ನೆಲ್ಲ ದಿನ, ಗಂಟೆ, ನಿಮಿಷ ಸಮೇತ ಒಳಗೆ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಕಾಗದಕ್ಕೆ ಇಳಿಸಿ ಅವರ ಮುಂದಿಟ್ಟರು, ಎಲ್ಲ ಸ್ಪ್ಯಾನಿಷ್. ಇದನ್ನು ಯಾರು ಓದುತ್ತಾರೆ ಎಂದು ಕೇಳಿದರು. ಮ್ಯಾನೇಜರ್ ನನ್ನನ್ನು ತೋರಿಸಿದರು. ಪ್ರತಿ ಸಾಲಿನ ಪಕ್ಕದಲ್ಲೂ ತಮಿಳಿನಲ್ಲಿ ಬರೆದು ಸಹಿ ಮಾಡಿ ಕೊಡಿ ಎಂದರು ಅಧಿಕಾರಿ. ನಾನು ಮೂಲೆಯ ಮೇಜಿನ ಮುಂದೆ ಕೂತೆ. ಪೂಜೆಯ ದಿನದ ಸಾಲು ಅಲ್ಲಿತ್ತು. ತಡೆ ರದ್ದು, ಕೀ ಮೂಲಕ. ಇಡೀ ತಾಲ್ಲೂಕಿನಲ್ಲಿ ಆ ಸಾಲನ್ನು ಓದಬಲ್ಲವನು ನಾನೊಬ್ಬನೇ, ಅದರಲ್ಲಿರುವ ತಪ್ಪಿತಸ್ಥನೂ ನಾನೇ. ತಡೆಯಲ್ಲಿ ದೋಷ ಎಂದು ಬರೆದೆ. ದೋಷ ಎಂದರೆ ಕುಂಕುಮ, ಕುಂಕುಮ ಎಂದರೆ ಅವನು. ಉಳಿದ ಸಾಲುಗಳನ್ನೆಲ್ಲ ಪ್ರಾಮಾಣಿಕವಾಗಿ ಬರೆದು ಸಹಿ ಹಾಕಿ ಕೊಟ್ಟೆ.

ಆಮೇಲೆ ಅವನನ್ನು ಒಳಗೆ ಕರೆದರು. ಕತ್ತಿಗೆ ಕಟ್ಟಿದ ಬಟ್ಟೆಯಲ್ಲಿ ಕೈ ನೇತುಹಾಕಿಕೊಂಡು ಬಂದು ನಿಂತ. ಕೂರು ಎಂದರೂ ಕೂರಲಿಲ್ಲ. ಅವನು ಓದಿದ್ದು ಕನ್ನಡ ಶಾಲೆಯಲ್ಲಿ. ಸಂತೆಗೆ ಸಾಲುವಷ್ಟು ತಮಿಳು ಅವನಿಗಿತ್ತು, ಅಧಿಕಾರಿಯ ಮುಂದೆ ಅದೂ ಹಾರಿಹೋಯಿತು. ಹಾಗಾಗಿ ಅವನ ಮಾತನ್ನು ತಮಿಳಿಗೆ ತಿರುಗಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಅಧಿಕಾರಿ ಎರಡೇ ಪ್ರಶ್ನೆ ಕೇಳಿದರು. ಶಿಫ್ಟು ಎಂಟಕ್ಕೆ ಶುರುವಾದರೂ ಪ್ರೆಸ್ ಓಡಿದ್ದು ಎಂಟೂ ಮುಕ್ಕಾಲಿಗೆ, ಯಾಕೆ? ಪರದೆಯ ಮೇಲೆ ಅರ್ಥವಾಗದ ಹಳದಿ ಅಕ್ಷರ ಇತ್ತು ಎಂದು ಬೇರೆಯವರು ಹೇಳುತ್ತಾರೆ, ಅದು ಇದ್ದೂ ಯಾಕೆ ಓಡಿಸಿದೆ? ನಾನು ಎರಡನ್ನೂ ಕನ್ನಡದಲ್ಲಿ ಅವನಿಗೆ ಹೇಳಿದೆ.

ಅವನು ಅಧಿಕಾರಿಯ ಕಡೆ ನೋಡದೆ ನನ್ನ ಕಡೆ ನೋಡಿ ಹೇಳಿದ. “ಅಣ್ಣ ಬರ್ಲಿ ಅಂತ ಕಾಯ್ಕಂಡಿದ್ದೆ ಸಾರ್. ಅವತ್ತು ಅಣ್ಣ ರಜ ಅಂದ್ರು. ಪೂಜೆ ದಿನ್ವೂ ಆ ಅಕ್ಷರ ಇತ್ತು, ಅಣ್ಣ ನೋಡಿತ್ತು. ಕೆಟ್ಟದ್ದೇನಾನ ಬರ್ದಿದ್ರೆ ಅಣ್ಣ ನಂಗೆ ಹೇಳ್ದೆ ಇರ್ತಿತ್ತಾ? ಅದ್ಕೇ ಓಡುಸ್ದೆ.”

ಅಧಿಕಾರಿ ನನ್ನ ಬಾಯಿ ನೋಡುತ್ತ ಕಾದರು. ನಾನು ಅದನ್ನು ತಮಿಳಿನಲ್ಲಿ ಹೇಳಬೇಕು. ಮೊದಲ ಮಾತು ಹೇಳಿದೆ, ಕಾಯುತ್ತಿದ್ದನಂತೆ ಎಂದೆ. ಮುಂದಿನದನ್ನು ಹೇಳಲಿಲ್ಲ. ಆ ಕಾಗದ ಇತ್ತ ಕೊಡಿ ಎಂದೆ. ಕೊಟ್ಟರು. ದೋಷ ಎಂಬುದನ್ನು ಹೊಡೆದುಹಾಕಿ, ಮೇಲೆ ಇದ್ದದ್ದನ್ನು ಇದ್ದಂತೆ ಬರೆದೆ. ತಡೆ ರದ್ದು, ಕೀ ಮೂಲಕ. ಅಧಿಕಾರಿ ಓದಿ ಕೀ ತಿರುಗಿಸಿದ್ದು ಯಾರು ಎಂದು ಕೇಳಿದರು, ಕಾಗದದಲ್ಲಿ ಹೆಸರು ಇರಲಿಲ್ಲ. ನಾನು ಎಂದು ತಮಿಳಿನಲ್ಲಿ ಹೇಳಿದೆ. ಅವನ ಕಡೆ ತಿರುಗಿ ಕನ್ನಡದಲ್ಲೂ ಹೇಳಿದೆ. ಕುಂಕುಮ ಹಚ್ಚಿದ್ದರಿಂದ ಪ್ರೆಸ್ ನಿಂತೇ ಇರುತ್ತಿತ್ತೇ ಹೊರತು ಓಡುತ್ತಿರಲಿಲ್ಲ, ಕಂಬಗಳು ಅವನ ಕೈ ಕಾಯುತ್ತಲೇ ಇದ್ದವು, ಅವುಗಳ ಕಣ್ಣು ಕಟ್ಟಿದವನು ನಾನು ಎಂದು ವಿವರಿಸಿದೆ. ಅವನು ಎಡಗೈಯಿಂದ ಬಾಗಿಲು ತಳ್ಳಿಕೊಂಡು ಹೊರಗೆ ಹೋದ.

ನಡೆಯಬೇಕಾದದ್ದು ನಡೆಯಿತು. ಎರಡು ತಿಂಗಳು ನನ್ನನ್ನು ಮನೆಯಲ್ಲಿ ಕೂರಿಸಿ, ಆಮೇಲೆ ಫಿಟ್ಟರ್ ಕೆಲಸದಿಂದ ತೆಗೆದು ಸ್ಟೋರ್ಸಿನಲ್ಲಿ ಸಾಮಾನು ಕೊಡುವ ಕಿಟಕಿಗೆ ಹಾಕಿದರು. ಕುರ್ಚಿ ಹಾಕಿಸಿದ್ದ ಮ್ಯಾನೇಜರ್ ಎದುರು ಸಿಕ್ಕರೂ ಮಾತಾಡುತ್ತಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟೆ ಎಂದು ಅವರಿಗೆ ಸಿಟ್ಟು. ನಿಜ ತಿಳಿದ ದಿನ ಹೆಂಡತಿ ಬಯ್ಯಲಿಲ್ಲ, ಅಳಲೂ ಇಲ್ಲ, ಎದ್ದು ಹೋಗಿ ಮಲಗಿದಳು. ಪ್ರೆಸ್ಸಿನ ಪರದೆಯನ್ನು ಇಂಗ್ಲಿಷಿಗೆ ಬದಲಾಯಿಸಿದರು. ಅವನ ಮೇಲೆ ಹೊರಿಸಿದ್ದ ತಪ್ಪನ್ನು ಕಾಗದದಿಂದ ತೆಗೆದರು, ಕೆಲಸ ಉಳಿಯಿತು. ಗೇಟಿನಲ್ಲಿ ಹೊರಹೋಗುವವರ ಪಾಸು ಬರೆಯುವ ಜಾಗ ಕೊಟ್ಟರು. ನಲವತ್ತು ದಾಟಿದವನು ಎಡಗೈಯಲ್ಲಿ ಬರೆಯುವುದನ್ನು ಮೊದಲಿಂದ ಕಲಿಯಬೇಕಾಯಿತು. ಗೇಟಿನ ಕೋಣೆಯಲ್ಲಿ ಕೂತು ಹಳೆಯ ಕಾಗದದ ಹಿಂಬದಿಯ ಮೇಲೆ ಅಕ್ಷರ ತಿದ್ದುತ್ತಿದ್ದುದನ್ನು ಸ್ಟೋರ್ಸಿನ ಕಿಟಕಿಯಿಂದ ನಾನು ನೋಡುತ್ತಿದ್ದೆ. ನನಗೆ ಆ ವಯಸ್ಸಿನ ಕಲಿಕೆ ಶೋಕಿಯಾಗಿತ್ತು. ಅವನ ಮೇಲೆ ಅದನ್ನು ಹೇರಿದವನು ನಾನು.

ಒಂದು ವರ್ಷ ಅವನು ನನ್ನ ಜೊತೆ ಮಾತಾಡಲಿಲ್ಲ. ಪಾಸು ಬೇಕಾದರೆ ನಾನು ಇನ್ನೊಬ್ಬನ ಪಾಳಿಗೆ ಕಾದು ಹೋಗುತ್ತಿದ್ದೆ. ಒಂದು ದಿನ ಮೊಮ್ಮಗಳಿಗೆ ಜ್ವರ ಎಂದು ಮನೆಯಿಂದ ಫೋನ್ ಬಂತು, ಅವನಿದ್ದಾಗಲೇ ಹೋಗಬೇಕಾಯಿತು. ಚೀಟಿ ಮುಂದಿಟ್ಟೆ. ಅವನು ಎಡಗೈಯಲ್ಲಿ ಪೆನ್ನು ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಕಾಗದ ಅದುಮಿ, ನಿಧಾನವಾಗಿ ಬರೆಯತೊಡಗಿದ. ಅಕ್ಷರ ದುಂಡಗೆ, ನೀಟಾಗಿ ಬರುತ್ತಿದ್ದವು. ನನಗೆ ತಡೆಯಲಾಗಲಿಲ್ಲ. ಕೀ ತಿರುಗಿಸಿದ್ದಕ್ಕೆ ನನ್ನ ಮೇಲೆ ಕೋಪ ಹೋಗಲಿಲ್ಲ ಅಲ್ವೇನ್ಲಾ ಎಂದು ಕೇಳಿಯೇಬಿಟ್ಟೆ.

ಅವನು ಬರೆಯುವುದನ್ನು ನಿಲ್ಲಿಸಲಿಲ್ಲ. “ಕೀ ಬಿಡಣ್ಣ, ಅದು ಯಾರ ಕೈಲಾದ್ರೂ ಆಗ್ತದೆ” ಎಂದ. “ನೀನು ಆಸ್ಪತ್ರೆಗೆ ದಿನಾ ಬತ್ತಿದ್ದೆ. ಪಕ್ದಾಗೆ ಕುಂತ್ಕಂಡು ಮೂಸಂಬಿ ಸುಲ್ಕೊಡ್ತಿದ್ದೆ. ಈ ಕೈನ ನಾನು ಪಾಪಿ ಪಾಪಿ ಅಂತ ಬಯ್ಕಂತಿದ್ರೆ, ಇಪ್ಪತ್ತು ದಿವ್ಸ ಕೇಳುಸ್ಕಂಡು ಎದ್ದು ಹೋಗ್ತಿದ್ದೆಲ್ಲಣ್ಣ.”

ಪಾಸು ಹರಿದು ನನ್ನ ಕೈಗೆ ಕೊಟ್ಟ. ನನ್ನ ಹಿಂದೆ ಇನ್ನೂ ಇಬ್ಬರು ನಿಂತಿದ್ದರು, ಅವರ ಚೀಟಿಗೆ ಕೈ ಚಾಚಿದ.